ಮೂಲೆ ಕತ್ತರಿಸಿದ ನೀಲಿ ಕಾಗದ

ಶಾಲೆಯ ಗೇಟು ತೆರೆಯಲು ಇನ್ನೂ ಎರಡು ಗಂಟೆ ಇದೆ. ಪ್ರಯೋಗಾಲಯದ ಕಿಟಕಿಯಿಂದ ಬೆಳಕು ಈಗಷ್ಟೇ ಒಳಗೆ ಇಣುಕುತ್ತಿದೆ. ಕಪ್ಪು ಕಲ್ಲಿನ ಉದ್ದನೆಯ ಮೇಜಿನ ಮುಂದೆ ಐವತ್ತೊಂದು ವರ್ಷದ ತೆಳ್ಳನೆಯ ಮನುಷ್ಯರೊಬ್ಬರು ರಬ್ಬರ್ ಗವಸು ತೊಟ್ಟು ನಿಂತಿದ್ದಾರೆ. ದೊಡ್ಡ ಗಾಜಿನ ಪಾತ್ರೆಯಲ್ಲಿ ನೀರಿದೆ. ಅದರೊಳಗೆ ಗಾಜಿನ ಕಡ್ಡಿ ಇಳಿಬಿಟ್ಟು, ಕಡ್ಡಿಯ ಮೈಮೇಲೆ ಜಾರುವ ಹಾಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದಾರೆ. ಪಾತ್ರೆ ಬೆಚ್ಚಗಾಗುತ್ತದೆ. ಅವರು ನಿಲ್ಲಿಸಿ, ಪಾತ್ರೆಗೆ ಹೊರಗಿನಿಂದ ಕೈ ತಾಗಿಸಿ ನೋಡಿ, ಮತ್ತೆ ಸುರಿಯುತ್ತಾರೆ.

“ಇಷ್ಟು ನಿಧಾನ ಯಾಕೆ?” ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ.

“ಇವನು ಮುಂಗೋಪಿ. ಮುಂಗೋಪಿ ಮನೆಗೆ ನೀರು ಹೋಗ್ಬಾರ್ದು. ಅವನನ್ನೇ ನೀರಿನ ಮನೆಗೆ ಕರೀಬೇಕು, ಅದೂ ಸಮಾಧಾನ ಮಾಡ್ಕೊಂಡು. ಉಲ್ಟಾ ಮಾಡಿದ್ರೆ ಮುಖಕ್ಕೇ ಸಿಡೀತಾನೆ.”

ರಸಾಯನಶಾಸ್ತ್ರ ನನಗೆ ಶಾಲೆಯ ದಿನಗಳಿಂದಲೂ ಕಬ್ಬಿಣದ ಕಡಲೆ. ಯಾರಾದರೂ ಅಂದು ಹೀಗೆ ಹೇಳಿಕೊಟ್ಟಿದ್ದರೆ ಇನ್ನೂ ನಾಲ್ಕು ಅಂಕ ಬರುತ್ತಿತ್ತೇನೋ ಎಂದುಕೊಳ್ಳುತ್ತೇನೆ.

ಇವರ ಹುದ್ದೆ ಲ್ಯಾಬ್ ಅಟೆಂಡರ್. ಮಕ್ಕಳ ಬಾಯಲ್ಲಿ ಹುಳಿಮಾಮ. ಆಮ್ಲದ ಹುಳಿಗೋ, ಬೆಳಗ್ಗೆ ಬೆಳಗ್ಗೆ ಹುಳ್ಳಗಿರುವ ಮುಖಕ್ಕೋ ಎಂದು ವಿಚಾರಿಸಿದರೆ ಮಕ್ಕಳು ಕಿಸಕ್ಕನೆ ನಕ್ಕು ಓಡಿಹೋಗುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಇದೇ ಕೋಣೆ. ದಿನಕ್ಕೆ ಐದು ತಂಡ, ತಂಡಕ್ಕೆ ಮೂವತ್ತಾರು ಮಕ್ಕಳು, ತಲೆಗೆ ಮೂರರಂತೆ ಐನೂರ ನಲವತ್ತು ಪ್ರನಾಳ. ಅಷ್ಟನ್ನೂ ತೊಳೆದು, ಬೋರಲು ಹಾಕಿ, ಒಣಗಿಸಬೇಕು. ಹದಿನೆಂಟು ಲೀಟರ್ ಭಟ್ಟಿ ಇಳಿಸಿದ ನೀರು ಬೇಕು. ವಾರದಲ್ಲಿ ನಾಲ್ಕೇ ಪ್ರನಾಳ ಒಡೆದರೆ ಅದು ಪುಣ್ಯದ ವಾರ.

ಗೋಡೆಯ ಕಪಾಟನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಎಡಗಡೆ ಆಮ್ಲಗಳು, ಬಲಗಡೆ ಪ್ರತ್ಯಾಮ್ಲಗಳು, ನಡುವೆ ಲವಣಗಳ ಬಾಟಲಿಗಳು. “ಗಂಡ ಹೆಂಡ್ತಿ ಇದ್ದ ಹಾಗೆ. ಇಬ್ಬರಿಗೂ ಸಿಟ್ಟು ಜಾಸ್ತಿ. ಸೇರಿದ್ರೆ ಬಿಸಿ ಆಗ್ತಾರೆ, ಆಮೇಲೆ ತಣ್ಣಗಾಗ್ತಾರೆ. ಮಧ್ಯೆ ಇರೋ ಉಪ್ಪು ಅವರಿಬ್ಬರ ಕೂಸು. ಅದು ಯಾರ ತಂಟೆಗೂ ಹೋಗಲ್ಲ,” ಎನ್ನುತ್ತಾರೆ. ಪಠ್ಯಪುಸ್ತಕ ಇದನ್ನೇ ತಟಸ್ಥೀಕರಣ ಎಂದು ಕರೆದು ನಮ್ಮನ್ನು ಹೆದರಿಸಿತ್ತು.

ಇಷ್ಟೆಲ್ಲ ಬಲ್ಲ ಹುಳಿಮಾಮನಿಗೆ ಕೆಲವು ಬಣ್ಣಗಳು ಕಾಣುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಕೆಂಪು ಮಂಕಾಗಿ ಬೂದಿಯ ಕಡೆ ಜಾರುತ್ತದೆ. ಮಾಸಿದ ಗುಲಾಬಿಗೂ ಮಾಸಿದ ನೀಲಿಗೂ ವ್ಯತ್ಯಾಸವೇ ತಿಳಿಯದು. ಕೆಂಪು ಲಿಟ್ಮಸ್ ಕಾಗದ, ನೀಲಿ ಲಿಟ್ಮಸ್ ಕಾಗದ ಎರಡೂ ಅವರಿಗೆ ಅವಳಿ ಜವಳಿ. ದಿನವಿಡೀ ಬಣ್ಣ ಬದಲಾಗುವುದನ್ನೇ ಕಾಯುವ ಕೋಣೆಯಲ್ಲಿ ಬಣ್ಣ ಕಾಣದ ಮನುಷ್ಯ ಇಪ್ಪತ್ತಾರು ವರ್ಷ ಯಾರಿಗೂ ಗೊತ್ತಾಗದಂತೆ ದುಡಿದರು.

ಮುಚ್ಚಿಡಲು ಕಾರಣವಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಬಣ್ಣದ ಅಂಗಡಿಯೊಂದಕ್ಕೆ ಸೇರಿದ್ದರು. ಬಾಗಿಲಿಗೆ ಹಸಿರು ಬೇಕೆಂದು ಕೇಳಿದವರಿಗೆ ಕಂದು ಬಣ್ಣ ಕಲಸಿಕೊಟ್ಟರು. ಗಿರಾಕಿ ಬಾಗಿಲಿಗೆಲ್ಲ ಬಳಿಸಿ ಆದಮೇಲೆ ಜಗಳಕ್ಕೆ ಬಂದ. “ಕಣ್ಣಿದ್ದೂ ಕುರುಡ ಅಂತ ಅಂಗಡಿಯವ್ರು ಬೀದಿಗೆಲ್ಲ ಕೇಳೋ ಹಾಗೆ ಬೈದು ಕಳಿಸಿದ್ರು. ಆಮೇಲೆ ಈ ಕೆಲಸ ಸಿಕ್ತು. ಕಣ್ಣು ಹೇಗಿದೆ ಅಂತ ಇಲ್ಲಿ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ,” ಎನ್ನುತ್ತಾರೆ.

ಕೆಲಸ ಉಳಿಸಿಕೊಳ್ಳಲು ತಮ್ಮದೇ ದಾರಿ ಮಾಡಿಕೊಂಡರು. ದ್ರಾವಣಗಳನ್ನು ಕಣ್ಣಂದಾಜಿಗೆ ಬಿಡದೆ ಪ್ರತಿಯೊಂದನ್ನೂ ತೂಗಿ, ಅಳೆದು ಮಾಡುವುದು ರೂಢಿಯಾಯಿತು. “ತಕ್ಕಡಿಗೆ ಬಣ್ಣ ಇಲ್ಲ ನೋಡಿ,” ಎಂದು ಕಣ್ಣು ಮಿಟುಕಿಸುತ್ತಾರೆ. ಲಿಟ್ಮಸ್ ಪೊಟ್ಟಣ ಬಂದ ದಿನವೇ ಮೇಲಿನ ಅಕ್ಷರ ಓದಿ, ನೀಲಿ ಪಟ್ಟಿಗಳ ಒಂದು ಮೂಲೆಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿಬಿಡುತ್ತಿದ್ದರು. ಮೂಲೆ ಇದ್ದರೆ ಕೆಂಪು, ಇಲ್ಲದಿದ್ದರೆ ನೀಲಿ. ಮಕ್ಕಳ ಅನುಕೂಲಕ್ಕೆ ಎಂದು ಎಲ್ಲರೂ ತಿಳಿದರು. ಅಚ್ಚುಕಟ್ಟಿನ ಮನುಷ್ಯ ಎಂದು ಇನ್ಸ್‌ಪೆಕ್ಷನ್‌ಗೆ ಬಂದವರು ಹೊಗಳಿಯೂ ಹೋದರು. ಗುಟ್ಟು ಗೊತ್ತಿದ್ದದ್ದು ಮನೆಯಲ್ಲಿ ಹೊಲಿಗೆ ಮಾಡುವ ಹೆಂಡತಿಗೆ ಮಾತ್ರ.

ಎರಡು ವರ್ಷದ ಹಿಂದಿನ ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯ ಮಾತು ಬಂದಾಗ ಹುಳಿಮಾಮ ಗವಸು ಬಿಚ್ಚಿ ಸ್ಟೂಲಿನ ಮೇಲೆ ಕೂರುತ್ತಾರೆ. ಪ್ರಶ್ನೆ ಸುಲಭದ್ದೇ ಇತ್ತು. ಮೂರು ಪ್ರನಾಳಗಳಲ್ಲಿ ನೀರಿನಂಥದೇ ಮೂರು ದ್ರಾವಣ. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು, ಉಪ್ಪುನೀರು ಯಾವುದು ಹೇಳಬೇಕು. ಆಮ್ಲ ನೀಲಿ ಕಾಗದವನ್ನು ಕೆಂಪು ಮಾಡುತ್ತದೆ, ಪ್ರತ್ಯಾಮ್ಲ ಕೆಂಪನ್ನು ನೀಲಿ ಮಾಡುತ್ತದೆ, ಉಪ್ಪುನೀರು ಎರಡನ್ನೂ ಮುಟ್ಟುವುದಿಲ್ಲ.

ಹಿಂದಿನ ದಿನ ನೀಲಿ ಪಟ್ಟಿಗಳ ಡಬ್ಬಿಯನ್ನು ಅವರು ಮುಚ್ಚಳ ಹಾಕದೆ ಕಪಾಟಿನಲ್ಲಿಟ್ಟಿದ್ದರು. ಪಕ್ಕದಲ್ಲೇ ಆಮ್ಲದ ಬಾಟಲಿ. ಅದರ ಬಿರಡೆ ಸಣ್ಣಗೆ ಸೀಳು ಬಿಟ್ಟಿತ್ತು. ಹೊಗೆ ಸೋರಿ, ಡಬ್ಬಿಯೊಳಗೆ ಮೇಲಿದ್ದ ಆರೇಳು ನೀಲಿ ಪಟ್ಟಿಗಳು ಬೆಳಗಾಗುವಷ್ಟರಲ್ಲಿ ಕೆಂಪಾಗಿದ್ದವು. ಬೇರೆ ಯಾರೇ ಆಗಿದ್ದರೂ ಡಬ್ಬಿ ನೋಡಿದ ಕೂಡಲೇ ಎತ್ತಿ ಬಿಸಾಡುತ್ತಿದ್ದರು. ಹುಳಿಮಾಮ ಬಣ್ಣ ನೋಡಲಿಲ್ಲ, ಮೂಲೆ ನೋಡಿದರು. ಆ ಪಟ್ಟಿಗಳು ಹದಿನೇಳನೆಯ ನಂಬರಿನ ಹುಡುಗಿಯ ಪಾಲಿಗೆ ಬಂದವು.

“ಅವಳು ಮೆಲ್ಲಗೆ ಕರೆದು ಹೇಳಿದ್ಲು, ‘ಮಾಮ, ಇದು ನೀಲಿ ಅಲ್ಲ, ಎರಡೂ ಕೆಂಪೇ ಇದೆ’ ಅಂತ. ಹೊರಗಿನ ಪರೀಕ್ಷಕರು ಎದುರಿಗೇ ಇದ್ರು. ಎಲ್ಲಿ ನನ್ನ ಗುಟ್ಟು ರಟ್ಟಾಗುತ್ತೋ ಅಂತ ಜೋರು ಮಾಡ್ಬಿಟ್ಟೆ. ‘ಮೂಲೆ ಕತ್ತರಿಸಿದೆ ತಾನೇ? ನೀಲಿನೇ ಅದು. ತಲೆಹರಟೆ ಮಾಡ್ದೆ ಬರಿ’ ಅಂದೆ.”

ಹುಡುಗಿ ತಲೆ ತಗ್ಗಿಸಿ ಬರೆದಳು. ಮೊದಲೇ ಕೆಂಪಾದ ಕಾಗದವನ್ನು ಆಮ್ಲ ಇನ್ನೆಷ್ಟು ಕೆಂಪು ಮಾಡೀತು? ಪ್ರತ್ಯಾಮ್ಲ ಸಿಕ್ಕಿತು, ಉಳಿದ ಎರಡರಲ್ಲಿ ಏನೂ ಬದಲಾಗಲಿಲ್ಲ. ಅಂದಾಜಿಗೆ ಒಂದನ್ನು ಆಮ್ಲ ಎಂದಳು, ಅದು ಉಪ್ಪುನೀರಾಗಿತ್ತು.

ಮಾಮನಿಗೆ ಆ ಮಗುವಿನ ತಗ್ಗಿದ ತಲೆಯನ್ನು ಮರೆಯಲಾಗಲಿಲ್ಲ. ಆ ದಿನದ ಪರೀಕ್ಷೆ ಮುಗಿದ ಮೇಲೆ ಅವಳ ಜಾಗದಲ್ಲಿ ಉಳಿದಿದ್ದ ಒಣ ಪಟ್ಟಿಯೊಂದನ್ನು ಮನೆಗೆ ಒಯ್ದರು. ಸಂಜೆ ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿಗೆ ಅದನ್ನು ಹಿಡಿದು, “ಇದು ಯಾವ ಬಣ್ಣ?” ಎಂದು ಕೇಳಿದರು. ಅವರು ಸೂಜಿಯಿಂದ ಕಣ್ಣೆತ್ತಿ ನೋಡಿ, “ಕೆಂಪು. ಯಾಕೆ?” ಎಂದರು.

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ತನ್ನ ಕಣ್ಣಿಗೆ ಸರಿಯಾಗಿಯೇ ಕಂಡದ್ದಕ್ಕೆ ಆ ಮಗು ಅಂಕ ಕಳೆದುಕೊಳ್ಳುತ್ತದೆ. ಆ ಸಂಜೆ ಗಂಡ ಹೆಂಡತಿಯ ನಡುವೆ ನಡೆದದ್ದು ಇಷ್ಟೇ ಮಾತು. ಮನೆಗೆ ಹೋದಾಗ ಹೆಂಡತಿ ಅದನ್ನು ನನ್ನೆದುರು ಮತ್ತೆ ಹೇಳುತ್ತಾರೆ: “ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕು ಅಂದೆ. ನೀವು ಕುಡೀದಿದ್ರೆ ಆ ಹುಡುಗಿಗೆ ಕುಡಿಸ್ದಂಗೆ ಆಗುತ್ತೆ. ಹೋಗಿ ಹೇಳಿ. ಯಂತ್ರ ಇದೆ, ನನ್ನ ಕಾಲಿಗೆ ಇನ್ನೂ ಶಕ್ತಿ ಇದೆ.”

ಮರುದಿನ ಮುಖ್ಯೋಪಾಧ್ಯಾಯಿನಿ ಬರುವ ಮೊದಲೇ ಹುಳಿಮಾಮ ಅವರ ಬಾಗಿಲಲ್ಲಿ ನಿಂತಿದ್ದರು. ಆ ಕೆಂಪು ಪಟ್ಟಿಯನ್ನು, ಅದರ ಜೊತೆ ತಮ್ಮ ಕತ್ತರಿಯನ್ನೂ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಪರೀಕ್ಷೆ ಇನ್ನೂ ಒಂದು ದಿನ ಉಳಿದಿತ್ತು, ಪರೀಕ್ಷಕರು ಊರಲ್ಲೇ ಇದ್ದರು. ಹುಡುಗಿಯನ್ನು ಕರೆಸಿ ಹೊಸ ದ್ರಾವಣ, ಹೊಸ ಕಾಗದ ಕೊಟ್ಟರು. ಅವಳು ಹತ್ತು ನಿಮಿಷ ತುಂಬುವ ಮೊದಲೇ ಮೂರನ್ನೂ ಸರಿಯಾಗಿ ಹೇಳಿ ಕೈ ತೊಳೆದುಕೊಂಡಳು.

ಮುಖ್ಯೋಪಾಧ್ಯಾಯಿನಿ ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಮಾನ ಮಾಡಿದರು. ಒಂದು ನೋಟಿಸು, ಮೂರು ತಿಂಗಳು ಗೇಟಿನ ಬಳಿ ಕೆಲಸ. ಆ ಮೂರು ತಿಂಗಳ ಕಥೆಯನ್ನು ರಸಾಯನಶಾಸ್ತ್ರದ ಮೇಡಂ ನಗುತ್ತ ಹೇಳುತ್ತಾರೆ: “ನಾವೇ ಮಾಡಿಕೊಂಡ ಆಮ್ಲ ಎಷ್ಟು ಸಪ್ಪೆ ಇತ್ತು ಅಂದ್ರೆ, ಅಮೃತಶಿಲೆ ಚೂರು ಹಾಕಿದ್ರೂ ಒಂದು ಗುಳ್ಳೆ ಏಳ್ಲಿಲ್ಲ. ಕೊನೆಗೆ ನಾನೇ ಹೋಗಿ ಅವರನ್ನ ವಾಪಸ್ ಕೊಡಿ ಅಂತ ಕೇಳ್ದೆ.” ಈಗ ಬೆಳಗ್ಗೆ ಎಂಟಕ್ಕೆ ಮೇಡಂ ಬಂದು ಲಿಟ್ಮಸ್ ಡಬ್ಬಿ ನೋಡಿ ಸಹಿ ಹಾಕುತ್ತಾರೆ. ಉಳಿದದ್ದೆಲ್ಲ ಮಾಮನ ತಕ್ಕಡಿಗೆ ಬಿಟ್ಟದ್ದು.

ನನಗೆ ಈ ಮನುಷ್ಯನ ಮೇಲೆ ಸಿಟ್ಟೂ ಬರುತ್ತದೆ, ಗೌರವವೂ ಬರುತ್ತದೆ. ಎರಡನ್ನೂ ಅವರೆದುರೇ ಹೇಳಿದೆ. “ಎರಡೂ ಬರೀರಿ,” ಎಂದರು.

ಆ ಹುಡುಗಿ ಆಮೇಲೆ ಸಿಕ್ಕಳೇ ಎಂದು ಕೇಳುತ್ತೇನೆ. ಹುಳಿಮಾಮ ಪ್ರನಾಳ ಒರೆಸುತ್ತಲೇ ಹೇಳುತ್ತಾರೆ.

“ಅವತ್ತೇ ಕ್ಷಮಿಸಮ್ಮ ಅಂದೆ. ಅಷ್ಟು ಚೆನ್ನಾಗಿ ಕಾಣ್ತಿತ್ತಲ್ಲ, ಯಾಕಮ್ಮ ನನ್ನ ಜೊತೆ ವಾದ ಮಾಡ್ಲಿಲ್ಲ ಅಂತ ಕೇಳ್ದೆ. ‘ನೀವು ಹಾಗಂದ್ಮೇಲೆ ನನ್ನ ಕಣ್ಣೇ ಸರಿ ಇಲ್ಲವೇನೋ ಅಂದ್ಕೊಂಡೆ ಮಾಮ’ ಅಂದ್ಲು. ಬಣ್ಣದ ಅಂಗಡಿಯವನು ಬೈದಾಗ್ಲೂ ನಂಗೆ ಅಷ್ಟು ನಾಚಿಕೆ ಆಗಿರ್ಲಿಲ್ಲ.”

ಮೊದಲ ತಂಡದ ಮಕ್ಕಳು ಬಾಗಿಲಲ್ಲಿ ಸಾಲು ನಿಂತಿದ್ದಾರೆ. ಮಾಮ ಎದ್ದು ಗವಸು ಹಾಕಿಕೊಳ್ಳುತ್ತಾರೆ. ಇನ್ನೇನು ಆಸೆ ಇದೆ ಎಂಬ ನನ್ನ ಕಡೆಯ ಪ್ರಶ್ನೆಗೆ, ಮಕ್ಕಳನ್ನು ಒಳಗೆ ಬಿಡುತ್ತಲೇ ಉತ್ತರಿಸುತ್ತಾರೆ.

“ರಿಟೈರ್ ಆಗೋಕೆ ಇನ್ನೂ ಒಂಬತ್ತು ವರ್ಷ ಇದೆ. ಅಷ್ಟರಲ್ಲಿ ಯಾವ ಮಗುವಾದ್ರೂ ನಂಗೆ ಎದುರು ಮಾತಾಡಿದ್ರೆ, ಅದು ಹೇಳಿ ಮುಗಿಸೋ ತನಕ ಬಾಯಿ ಮುಚ್ಕೊಂಡು ಕೇಳೋಷ್ಟು ಬುದ್ಧಿ ಇರ್ಲಿ. ಸಾಕು.”