ಪಟ್ಟಿ ಅಕ್ಕನ ಫೋನಿಗೆ ಎರಡು ಬೀಗ

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ದಿಂಬಿನ ಪಕ್ಕದ ಫೋನು ಸಣ್ಣಗೆ ‘ಟಿಣ್’ ಎನ್ನುತ್ತದೆ. ಹಗಲು ತೆಗೆದ ಫೋಟೊಗಳು ಇಂಟರ್ನೆಟ್ಟಿನ ಖಾತೆ ಸೇರಿದವು ಎಂಬ ಸೂಚನೆ ಅದು. ಮೊದಲೆಲ್ಲ ಆ ಸದ್ದು ಕೇಳಿದರೆ ಪಟ್ಟಿ ಅಕ್ಕನಿಗೆ ನೆಮ್ಮದಿ. ಈಗ ಕಿವಿ ಬಿಸಿಯಾಗುತ್ತದೆ. ಯಾರ ಫೋಟೊ ಎಲ್ಲಿಗೆ ಹೋಯಿತು ಎಂದು ತೆಗೆದು ನೋಡುವ ತನಕ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅವರು ಟೈಲರಮ್ಮನ ಮನೆಯಲ್ಲಿ ಇರುತ್ತಾರೆ. ಟೈಲರಮ್ಮ ಹಾಸಿಗೆ ಹಿಡಿದು ವರ್ಷ ದಾಟಿದೆ. ಮಲಗಿ ಮಲಗಿ ಬೆನ್ನಿನ ಕೆಳಭಾಗದಲ್ಲಿ ಹುಣ್ಣಾಗಿದೆ. ಪಟ್ಟಿ ಅಕ್ಕ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೆಲ್ಲಗೆ ಅವರನ್ನು ಮಗ್ಗುಲಿಗೆ ಹೊರಳಿಸಿ, ಹಳೆಯ ಪಟ್ಟಿಯನ್ನು ಸಲೈನ್ ನೀರಿನಲ್ಲಿ ನೆನೆಸಿ ಬಿಡಿಸುತ್ತಾರೆ. ಒಣಗಿದ್ದನ್ನು ಹಾಗೇ ಕಿತ್ತರೆ ಹೊಸ ಚರ್ಮವೂ ಕಿತ್ತು ಬರುತ್ತದೆ.

“ನೀರು ತಣ್ಣಗಿದೆ ಅಮ್ಮಾ, ಬಯ್ಯಬೇಡಿ.”

“ಬಯ್ಯೋದೂ ಬಿಟ್ಟರೆ ನನಗೆ ಇನ್ನೇನು ಕೆಲಸ ಉಳಿಯುತ್ತೆ ಹೇಳು?”

ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ಪಟ್ಟಿ ಅಕ್ಕ ಅಲ್ಲಿನ ನರ್ಸಮ್ಮನವರಿಂದ ಈ ಕೆಲಸ ಕಲಿತವರು. ವಾರ್ಡು ಮುಚ್ಚಿದ ಮೇಲೆ ಮನೆಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟತೊಡಗಿದರು; ಹೆಸರೇ ಪಟ್ಟಿ ಅಕ್ಕ ಎಂದಾಯಿತು. ಮಧ್ಯಾಹ್ನದೊಳಗೆ ಐದು ಮನೆ, ಐದು ಹಾಸಿಗೆ. ಮೂರು ಮನೆಗಳು ಲಿಫ್ಟ್ ಇಲ್ಲದ ಮಹಡಿಗಳಲ್ಲಿವೆ. ಮೊಣಕಾಲಿಗೆ ಅವರೇ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಾರೆ. “ನಾನೇ ನನ್ನ ಆರನೇ ಪೇಷಂಟು” ಎಂದು ನಗುತ್ತಾರೆ.

ದಿನವೂ ಡಾಕ್ಟರು ಬರಲಾರರು. ಹಾಗಾಗಿ ಹುಣ್ಣಿನ ಫೋಟೊ ತೆಗೆದು ಅವರಿಗೆ ಕಳಿಸುವುದೂ ಈ ಕೆಲಸದ ಭಾಗ. ಹಿಂದಿನ ವಾರದ ಫೋಟೊ ಪಕ್ಕದಲ್ಲಿದ್ದರೆ ವಾಸಿಯಾಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಫೋಟೊ ಹೆಚ್ಚಾಗಿ ಫೋನು ತುಂಬಿತು. ಮೈದುನ ಒಂದು ಉಪಾಯ ಹೇಳಿದ: “ಅತ್ತಿಗೆ, ಮನೆಯವರೆಲ್ಲರದ್ದೂ ಒಂದೇ ಖಾತೆಗೆ ಹೋಗೋ ಹಾಗೆ ಮಾಡಿಬಿಡ್ತೀನಿ. ಕಳೆದುಹೋಗೋ ಭಯವೇ ಇಲ್ಲ.” ಪಟ್ಟಿ ಅಕ್ಕ ಹೂಂ ಎಂದರು. ಆ ಖಾತೆಯನ್ನು ಇನ್ಯಾರು ನೋಡುತ್ತಾರೆ ಎಂದು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಒಂದು ಭಾನುವಾರ ಓರಗಿತ್ತಿಯ ಮಗುವನ್ನು ನೋಡಲು ನೆಂಟರು ಬಂದಿದ್ದಾರೆ. ಹಾಲ್ ತುಂಬ ಜನ. ಯಾರೂ ನೋಡದ ಟೀವಿ ತನ್ನಷ್ಟಕ್ಕೆ ಅದೇ ಖಾತೆಯ ಫೋಟೊಗಳನ್ನು ಒಂದೊಂದಾಗಿ ತೋರಿಸುತ್ತಿದೆ. ಮಗು ನಗುತ್ತಿದೆ. ಮಗು ಆಕಳಿಸುತ್ತಿದೆ. ಆಮೇಲೆ ಗೋಡೆಯಗಲದ ಟೀವಿಯ ತುಂಬ ಒಂದು ಬತ್ತಲೆ ಬೆನ್ನು, ಅದರಲ್ಲಿ ಕೆಂಪು ಕುಳಿ.

“ಅಯ್ಯೋ, ಊಟಕ್ಕೆ ಮುಂಚೆ ಇದನ್ನು ತೋರಿಸಬೇಕಿತ್ತಾ!” ಎಂದು ಯಾರೋ ನಕ್ಕರು. “ಯಾರದ್ದಪ್ಪಾ ಇದು?” ಎಂದು ಇನ್ನೊಬ್ಬರು ಕುರ್ಚಿಯಿಂದ ಮುಂದೆ ಬಾಗಿದರು. ಪಟ್ಟಿ ಅಕ್ಕ ಕೈಯಲ್ಲಿದ್ದ ತಟ್ಟೆಯನ್ನೇ ಟೀವಿಗೆ ಅಡ್ಡ ಹಿಡಿದು ನಿಂತರು. ತಟ್ಟೆ ಎಷ್ಟನ್ನು ಮುಚ್ಚೀತು? ಮೈದುನ ಓಡಿ ಬಂದು ಪ್ಲಗ್ ಕೀಳುವ ತನಕ ಅವರು ಹಾಗೇ ನಿಂತಿದ್ದರು. “ಬತ್ತಲಾಗಿದ್ದು ಟೈಲರಮ್ಮ. ಬಟ್ಟೆ ಕಿತ್ತವಳು ನಾನು” ಎನ್ನುವಾಗ ಈಗಲೂ ಅವರ ತಲೆ ಬಗ್ಗುತ್ತದೆ.

ಅಂದೇ ಎಲ್ಲ ಅಳಿಸಿದರು. ಮರುದಿನದಿಂದ ಫೋಟೊ ತೆಗೆಯುವುದನ್ನೇ ಬಿಟ್ಟರು. ಡಾಕ್ಟರು ಕೇಳಿದರೆ ಕ್ಯಾಮೆರಾ ಕೆಟ್ಟಿದೆ ಎಂದರು. ಹುಣ್ಣಿನ ಅಂಚು ಕಪ್ಪಾಗತೊಡಗಿತು. ಬಾಯಲ್ಲಿ ಹೇಳಿದರೆ ಎಷ್ಟು ಕಪ್ಪು ಎಂದು ಡಾಕ್ಟರಿಗೆ ತಿಳಿಯುವುದು ಹೇಗೆ? ಟೈಲರಮ್ಮನಿಗೆ ಉರಿ ಹೆಚ್ಚಾಯಿತು.

“ಕ್ಯಾಮೆರಾ ಕೆಟ್ಟಿದೆ ಅಂತೀಯ, ಮೊನ್ನೆ ತೆಗೆದ ಮಗುವಿನ ಫೋಟೊ ನನಗೇ ತೋರಿಸ್ದೆ. ಏನಾಯ್ತು, ಬೊಗಳು.”

ಪಟ್ಟಿ ಅಕ್ಕ ಗ್ಲೌಸ್ ಕಳಚಿ, ಮಂಚದ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದರು. ಈ ಮನೆಯ ಬಾಗಿಲು ಇವತ್ತಿಗೆ ಮುಚ್ಚಿತು, ಇಲ್ಲಿಂದ ಸುದ್ದಿ ಹೊರಟರೆ ಉಳಿದ ನಾಲ್ಕೂ ಮುಚ್ಚುತ್ತವೆ ಎಂದುಕೊಂಡೇ ಹೇಳಿದರು. ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

“ಎಷ್ಟು ಜನ ಇದ್ದರು?”

“ಹಾಲ್ ತುಂಬ.”

“ಗಂಡಸರೂ?”

“ಹೂಂ.”

“ಜೀವಮಾನವೆಲ್ಲ ಹೆಂಗಸರ ಅಳತೆ ತಗೊಂಡೆ. ಯಾರ ಸೊಂಟ ಎಷ್ಟು ಅಂತ ಅವರ ಗಂಡಂದಿರಿಗೂ ಹೇಳಿದವಳಲ್ಲ. ನೀನು ನನ್ನ ಬೆನ್ನನ್ನ ಊರಿಗೆಲ್ಲ ತೋರಿಸಿಬಿಟ್ಟೆಯಲ್ಲೇ.” ಪಟ್ಟಿ ಅಕ್ಕ ಸೆರಗು ಕಣ್ಣಿಗೆ ಒತ್ತಿಕೊಂಡರು. “ಅಳಬೇಡ, ನಿನ್ನ ಕಣ್ಣೊರೆಸೋಕೆ ನನ್ನ ಕೈ ಎಟುಕಲ್ಲ. ಬೇರೆ ದಾರಿ ಹುಡುಕು.”

ವಾರವಿಡೀ ಬಸ್ಸಿನಲ್ಲಿ ಕೂತು ಪಟ್ಟಿ ಅಕ್ಕ ಹುಡುಕಿದರು. ಫೋಟೊ ಇಡಲು ಪುಕ್ಕಟೆ ಎಂದು ಕರೆಯುವ ಆ್ಯಪ್‌ಗಳು ಹತ್ತಾರು. ಕೊನೆಗೆ ಸಿಕ್ಕ ಒಂದನ್ನು ತಂದು ಟೈಲರಮ್ಮನ ಮುಂದೆ ಇಟ್ಟರು. ಅದರೊಳಗೇ ಫೋಟೊ ತೆಗೆಯಬಹುದು, ಫೋನಿನ ಉಳಿದ ಫೋಟೊಗಳ ಜೊತೆ ಬೆರೆಯುವುದಿಲ್ಲ. ತೆರೆಯಲು ಪಾಸ್‌ವರ್ಡ್ ಬೇಕು, ಮೇಲೆ ಫೋನಿಗೆ ಬರುವ ನಂಬರೂ ಬೇಕು.

“ಪಾಸ್‌ವರ್ಡ್ ಮರೆತರೆ?”

“ಹೋಯ್ತು ಅಮ್ಮಾ. ಆ ಕಂಪನಿಯವರಿಗೂ ತೆಗೆಯೋಕೆ ಬರಲ್ಲ.”

“ಹಾಗಾದರೆ ಅದೇ ಇರಲಿ. ನಿನ್ನ ಮೈದುನನಿಗೆ?”

“ಅವನಿಗೆ ಹೇಳೋದಿಲ್ಲ.”

“ನನಗೂ ಹೇಳಬೇಡ.”

ಈಗ ಮುಖ, ಹೆಸರು ಯಾವುದೂ ಫೋಟೊದಲ್ಲಿ ಇರುವುದಿಲ್ಲ. ತೆಗೆದದ್ದನ್ನು ಮೊದಲು ಟೈಲರಮ್ಮನಿಗೆ ತೋರಿಸುತ್ತಾರೆ, ಅವರು ಹೂಂ ಎಂದ ಮೇಲೆಯೇ ಡಾಕ್ಟರಿಗೆ. ಉಳಿದ ನಾಲ್ಕು ಮನೆಗಳಲ್ಲೂ ಹಾಗೆಯೇ. “ನನ್ನ ಕೈಯಷ್ಟೇ ಮರ್ಯಾದೆ ನನ್ನ ಫೋನಿಗೂ ಇರಬೇಕು. ಅಷ್ಟಾದರೆ ಸಾಕು” ಎನ್ನುತ್ತಾರೆ ಪಟ್ಟಿ ಅಕ್ಕ. ಹಾಲ್‌ನಲ್ಲಿ ಟೀವಿ ಇರುವ ಮನೆಗೆ ಹೋದರೆ ಅದಕ್ಕೆ ಬೆನ್ನು ಹಾಕಿ ಕೂರುತ್ತಾರೆ.

ಇವತ್ತು ರಾತ್ರಿಪಾಳಿ ಮುಗಿಸಿ ಬಂದ ಟೈಲರಮ್ಮನ ಮಗ ಬಾಗಿಲಲ್ಲಿ ನಿಂತಿದ್ದಾನೆ. ಪಟ್ಟಿ ಅಕ್ಕನನ್ನು ಕೆಲಸಕ್ಕೆ ಕರೆದವನು ಅವನೇ. ಬೇಡ ಎನ್ನಬಲ್ಲವನೂ ಅವನೇ. “ಅಕ್ಕ ಈಚೆಗೆ ಯಾಕೋ ಸಪ್ಪಗಿದ್ದಾರಲ್ಲಮ್ಮಾ. ಏನಾದ್ರೂ ಆಯ್ತಾ?”

ಪಟ್ಟಿ ಅಕ್ಕನ ಕೈಯಲ್ಲಿ ಪಟ್ಟಿಯ ತುದಿ ಹಾಗೇ ನಿಲ್ಲುತ್ತದೆ. ಟೈಲರಮ್ಮ ಗೋಡೆಯಿಂದ ಮುಖ ತಿರುಗಿಸುವುದಿಲ್ಲ.

“ಹೆಂಗಸರ ವಿಷಯ ಕಣೋ. ನಿನಗ್ಯಾಕೆ? ಹೋಗಿ ಮಲಗು.”