ಸೂರಿನ ತುದಿಗೆ ಎರಡು ಸಲ ಹತ್ತಿದ ಡೊರೀನ್

ಆಲ್ಬರ್ಟಾದ ವೆಗ್ರೆವಿಲ್‌ನಲ್ಲಿ ಅಕ್ಟೋಬರ್ ತಿಂಗಳ ಬೆಳಗಿನ ಏಳೂವರೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಡೊರೀನ್ ಹ್ರಿಚುಕ್ ಏಣಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಒಂದೊಂದೇ ಮೆಟ್ಟಿಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಒರೆಸುತ್ತಿದ್ದಾರೆ. ಕಳೆದ ನವೆಂಬರಿನಲ್ಲಿ ಒರೆಸದೆ ಹತ್ತಿ ಬಿದ್ದವರು ಇವರು. ಎಡಗಾಲಿನ ಗಿಣ್ಣಿನಲ್ಲಿ ಈಗ ಒಂದು ಲೋಹದ ಪಟ್ಟಿ, ಎಂಟು ಸ್ಕ್ರೂ.

"ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋಳಲ್ಲ ನಾನು," ಎನ್ನುತ್ತಾರೆ. "ಬಿದ್ದೆ. ತಪ್ಪು ನಂದೇ."

ಐವತ್ನಾಲ್ಕರ ಡೊರೀನ್ ಹದಿನೆಂಟು ವರ್ಷ ಶಾಲೆಯ ಬಸ್ಸು ಓಡಿಸಿ, ಆಮೇಲೆ ಈ ಕಸುಬು ಕಲಿತವರು. ಮನೆಯ ಸೂರಿನಂಚಿಗೆ ಕಾಯಂ ಎಲ್‌ಇಡಿ ದೀಪ ಕೂರಿಸುವುದು ಇವರ ಕೆಲಸ. ಹಗಲು ಕಣ್ಣಿಗೇ ಬೀಳದ ಈ ದೀಪಗಳ ಬಣ್ಣವನ್ನು ಸಂಜೆ ಫೋನಿನಲ್ಲೇ ಬದಲಿಸಬಹುದು. ಅದಕ್ಕಾಗಿ ಡೊರೀನ್ ದಿನಕ್ಕೆ ಅರವತ್ತು ಸಲವಾದರೂ ಹತ್ತಿ ಇಳಿಯಬೇಕು. ಬಿದ್ದ ಮೇಲೆ ಕಂಪನಿಯ ಮಾಲೀಕ ಟೆರೆನ್ಸ್ ಇವರನ್ನು ಕಚೇರಿಯಲ್ಲಿ ಫೋನ್ ಎತ್ತಲು ಕೂರಿಸಿಬಿಟ್ಟ. ಕೂತು ಕೂತು ಜೀವ ರೋಸಿಹೋಯಿತು. ಒಂದು ಮನೆ ಒಬ್ಬಳೇ ಮುಗಿಸುತ್ತೇನೆ, ಯಾರನ್ನಾದರೂ ನೆರವಿಗೆ ಕರೆದರೆ ಮರುಮಾತಿಲ್ಲದೆ ಫೋನಿನ ಮುಂದೆ ಕೂರುತ್ತೇನೆ ಎಂದು ಹಟ ಹಿಡಿದು ಅವನನ್ನು ಒಪ್ಪಿಸಿದ್ದಾರೆ. ಆ ಒಂದು ಮನೆಯೇ ಇದು.

ಮನೆಯ ಯಜಮಾನ ಓರೆಸ್ಟ್ ಬಾಬ್ಯುಕ್ ಊರಿಗೆಲ್ಲ 'ವುಯ್ಕೊ', ಅಂದರೆ ಮಾಮ. ಇವರಿಗೆ ಎರಡು ಕ್ರಿಸ್‌ಮಸ್: ಡಿಸೆಂಬರ್ ಇಪ್ಪತ್ತೈದು ಎಲ್ಲರದು, ಜನವರಿ ಏಳು ಉಕ್ರೇನಿನಿಂದ ಬಂದ ಹಿರಿಯರದು. ಎಪ್ಪತ್ತೆಂಟರಲ್ಲೂ ತಾವೇ ಹತ್ತಿ ದೀಪದ ಸರ ಕಟ್ಟುತ್ತಿದ್ದರು. ಈ ವರ್ಷ ಹೆಂಡತಿ ಸ್ಟೆಫಾ ಅವರ ಏಣಿಯನ್ನೇ ಯಾರಿಗೋ ದಾನ ಮಾಡಿಬಿಟ್ಟಿದ್ದಾರೆ. ಹಾಗಾಗಿ ಮಾಮನಿಗೀಗ ಕೆಳಗೆ ನಿಂತು ಸಲಹೆ ಕೊಡುವುದೇ ಕೆಲಸ.

ನಲವತ್ತೆರಡು ಮೀಟರ್ ಅಲ್ಯೂಮಿನಿಯಂ ಪಟ್ಟಿ, ಇನ್ನೂರ ಹತ್ತು ದೀಪ. ಸಂಜೆ ಆರಕ್ಕೆ ಡೊರೀನ್ ಸ್ವಿಚ್ ಹಾಕುತ್ತಾರೆ. ಎರಡು ಇಳಿಜಾರು ಕೂಡುವ ಸೂರಿನ ನೆತ್ತಿಯವರೆಗೆ ಝಗ್ಗೆಂದು ಬೆಳಗಿದ್ದು, ಅಲ್ಲಿಂದಾಚೆ ಕತ್ತಲೆ.

ಏನಾಗಿದೆಯೆಂದು ಇವರಿಗೆ ಹೇಳಿಕೊಡಬೇಕಾಗಿಲ್ಲ. ದೀಪದ ಪಟ್ಟಿಯ ಪ್ರತಿ ತುಂಡಿನ ಹಿಂದೆ, ಯಾವ ದಿಕ್ಕಿಗೆ ಕೂರಿಸಬೇಕೆಂದು ತೋರುವ ಒಂದು ಬಾಣದ ಗುರುತಿದೆ. ಒಂದೇ ಒಂದು ತುಂಡು ತಿರುಗಿ ಕೂತರೂ ಅದರಿಂದಾಚೆಗಿನ ದೀಪಗಳು ಹೊತ್ತುವುದಿಲ್ಲ. ನೆತ್ತಿಯಲ್ಲಿ ಕೈ ಬದಲಿಸುವಾಗ ತುಂಡೂ ತಿರುಗಿದೆ. ಇಡೀ ಮನೆಯಲ್ಲಿ ಅತಿ ಎತ್ತರದ ಜಾಗ ಅದೇ. ಇಷ್ಟು ಹೊತ್ತಿಗೆ ಗಿಣ್ಣೂ ಊದಿದೆ.

ಬಿಡು ಮಗಾ, ಆ ಕಡೆ ಗೋದಿ ಹೊಲ ಬಿಟ್ಟರೆ ನೋಡುವವರು ಯಾರಿದ್ದಾರೆ ಎನ್ನುತ್ತಾರೆ ಮಾಮ.

"ಹಬ್ಬದೂಟಕ್ಕೆ ಅರ್ಧ ಮನೆಯೋರನ್ನ ಮಾತ್ರ ಕೂರಿಸ್ತೀರಾ, ವುಯ್ಕೊ?" ಎಂದು ಡೊರೀನ್ ಸೊಂಟದ ಹಗ್ಗ ಬಿಗಿಯುತ್ತಾರೆ.

ಹೆದರಿಕೆ ಇಲ್ಲವೇ ಎಂದು ಕೇಳಿದರೆ, "ಇಲ್ದೆ ಏನು?" ಎನ್ನುತ್ತಲೇ ಮೊದಲ ಮೆಟ್ಟಿಲಿಗೆ ಕಾಲಿಡುತ್ತಾರೆ. ಮೇಲೆ ಇಪ್ಪತ್ತು ನಿಮಿಷ ಆ ತುಂಡನ್ನು ಬಿಚ್ಚಿ, ತಿರುಗಿಸಿ ಕೂರಿಸುತ್ತಾರೆ. ಕೆಳಗೆ ಸ್ಟೆಫಾ ತುಟಿಯಲ್ಲೇ ದೇವರನ್ನು ನೆನೆಯುತ್ತಿದ್ದಾರೆ. ಆಮೇಲೆ ಹೊಲದ ಕಡೆಯ ಸೂರೂ ಕೊನೆಯ ದೀಪದವರೆಗೆ ಬೆಳಗುತ್ತದೆ.

ಇಳಿದು ಇನ್ನೂ ಉಸಿರು ಹದಕ್ಕೆ ಬಂದಿಲ್ಲ, ಟೆರೆನ್ಸ್‌ನ ಫೋನು. ಡೊರೀನ್ ಯಾವುದನ್ನೂ ಮುಚ್ಚಿಡುವುದಿಲ್ಲ.

"ಒಂದು ತುಂಡು ತಿರುವುಮುರುವು ಕೂತಿತ್ತು. ಯಾರನ್ನೂ ಕರೀಲಿಲ್ಲ, ನಾನೇ ಹತ್ತಿ ಸರಿ ಮಾಡ್ದೆ. ನಾಳೆ ಯಾರ ಮನೆಗೆ ಹೋಗ್ಬೇಕು, ಅದನ್ನ ಹೇಳು."