ನಾನಲ್ಲ ಎಂದವನು

ನಮ್ಮ ಡಿಪೋದಲ್ಲಿ ಅವನಿಗೆ ‘ಬಾಯಿಬೀಗ’ ಎಂಬ ಹೆಸರು ಬಿದ್ದು ಎಷ್ಟು ವರ್ಷವಾಗಿತ್ತೋ. ಡ್ಯೂಟಿ ಪಟ್ಟಿ ನೋಡಿ ನಿಜವಾದ ಹೆಸರು ಕೂಗಿದರೆ ಅವನೇ ತಡವಾಗಿ ತಿರುಗುತ್ತಿದ್ದ. ಒಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ಅವನು ಡ್ರೈವರ್, ನಾನು ಕಂಡಕ್ಟರ್. ಜನ ಕಡಿಮೆಯಿದ್ದಾಗ ನಾನು ಎಂಜಿನ್ ಬಾನೆಟ್ಟಿನ ಮೇಲೆ ಕೂತು ಮನೆಯ ರಾಮಾಯಣವನ್ನೆಲ್ಲ ಬಿಚ್ಚುತ್ತಿದ್ದೆ. ಅವನು ಕನ್ನಡಿ ನೋಡಿಕೊಂಡೇ ‘ಹೂಂ’ ಅನ್ನುತ್ತಿದ್ದ.

ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ವಯಸ್ಸು ನಲವತ್ತೇಳು, ಮದುವೆಯಾಗಿಲ್ಲ, ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬ ದರ್ಜಿಯ ಜೊತೆ ಇದ್ದಾನೆ. ‘ದೂರದ ಸಂಬಂಧ, ಚಿಕ್ಕಪ್ಪನ ಕಡೆಯವನು’ ಎಂದು ಒಮ್ಮೆ ಹೇಳಿದ್ದ. ಮರೆತು ಬಂದ ಊಟದ ಡಬ್ಬಿ ಕೊಡಲು ಆ ದರ್ಜಿ ಒಂದೆರಡು ಸಲ ಡಿಪೋಗೆ ಬಂದಿದ್ದುಂಟು. “ಡಬ್ಬಿ ತರೋರು ಇರುವಾಗ ಹೆಂಡತಿ ಯಾಕೆ ಬೇಕಪ್ಪ!” ಎಂದು ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸರು ನಮ್ಮ ಬಸ್ಸು ತಡೆದರು. ಸಲಿಂಗಿಗಳ ಪ್ರೈಡ್ ಮೆರವಣಿಗೆಯಂತೆ. ತಮಟೆ, ಶಿಳ್ಳೆ, ಬಣ್ಣದ ಬಾವುಟ. ಐದು ನಿಮಿಷ, ಹತ್ತು ನಿಮಿಷವಾಯಿತು. ಒಳಗೆ ಸೆಕೆಗೆ ಜನ ಬೇಯುತ್ತಿದ್ದರು.

“ಅಪರಾಧ ಅಲ್ಲ ಅಂತ ಕಾನೂನೇ ಹೇಳಿ ಆಯ್ತಲ್ಲ. ಇನ್ನೂ ಯಾಕೆ ಬೀದಿಗೆ ಬರ್ತಾರೋ?” ಎಂದರು ಮುಂದಿನ ಸೀಟಿನ ಯಜಮಾನರು.

ಹಿಂದಿನಿಂದ ಒಬ್ಬ ಹೆಂಗಸು ದನಿಗೂಡಿಸಿದಳು: “ಅಲ್ವೇ ಮತ್ತೆ? ನಾವೇನು ಗಂಡ ಹೆಂಡತಿ ಅಂತ ಬೋರ್ಡ್ ಹಿಡ್ಕೊಂಡು ಓಡಾಡ್ತೀವಾ?”

“ಬೋರ್ಡ್ ಹಿಡಿಯೋಕೆ ನಿಮ್ಮ ಮನೆಯವರು ಒಪ್ಪಬೇಕಲ್ಲಮ್ಮ!” ಎಂದು ನಾನು ಒಂದು ಬಿಟ್ಟೆ. ಇಡೀ ಬಸ್ಸು ನಕ್ಕಿತು.

ನಗುತ್ತಲೇ ಮುಂದೆ ನೋಡಿದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆ ದರ್ಜಿ ನಡೆದು ಬರುತ್ತಿದ್ದ. ಕೈಯಲ್ಲಿ ಬಾವುಟವಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ನಮ್ಮ ಬಸ್ಸಿನ ನಂಬರು ಕಂಡು ನಿಂತ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಏನೆನ್ನಿಸಿತೋ, ಇಳಿಸಿಬಿಟ್ಟ.

“ಲೋ, ಅದು ನಿಮ್ಮ ಮನೇಲಿರೋನಲ್ವೇನೋ?” ಎಂದೆ.

“ಅಲ್ಲ. ಯಾರೋ,” ಎಂದ ಬಾಯಿಬೀಗ. ಕೈ ಚಾಚಿ ಕನ್ನಡಿ ಸರಿಮಾಡಿಕೊಂಡ.

ಮುಂದಿನದೆಲ್ಲ ಅವನು ಎಷ್ಟೋ ದಿನದ ಮೇಲೆ ನನಗೆ ಹೇಳಿದ್ದು.

ಮಾರನೆಯ ದಿನದ ಪತ್ರಿಕೆಯಲ್ಲಿ ಮೆರವಣಿಗೆಯ ಫೋಟೋ ಬಂತು. ಅದರಲ್ಲಿ ದರ್ಜಿಯ ಮುಖ ಕನ್ನಡಿಯಲ್ಲಿ ನೋಡಿದಷ್ಟು ಸ್ಪಷ್ಟ. ಮನೆಯೊಡತಿ ಇಬ್ಬರನ್ನೂ ಕೆಳಗೆ ಕರೆದು ಕೂರಿಸಿದರು. ಕೆಟ್ಟ ಹೆಂಗಸಲ್ಲ, ಇವನಿಗೆ ಜ್ವರ ಬಂದಾಗ ಗಂಜಿ ಮಾಡಿ ಮೇಲೆ ಕಳಿಸಿದ್ದವರು.

“ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದ್ರೆ ನಾಳೆ ಸೊಸೆ ಬರೋಳಿದ್ದಾಳೆ, ನಾಲ್ಕು ಜನ ಬಂದು ಹೋಗೋ ಮನೆ,” ಎಂದವರು ಬಾಯಿಬೀಗನ ಕಡೆ ತಿರುಗಿದರು. “ನೀವೂ ಇವರ ಪೈಕಿನಾ?”

ದರ್ಜಿ ಅವನ ಮುಖವನ್ನೇ ನೋಡುತ್ತಿದ್ದ.

“ನಾನಲ್ಲಮ್ಮ. ಇವನ ವಿಷಯ ನನಗೂ ಗೊತ್ತಿರಲಿಲ್ಲ.”

“ಹಾಗಾದ್ರೆ ನೀವಿರಿ. ಅವರು ಬೇರೆ ಕಡೆ ನೋಡ್ಕೊಳ್ಳಲಿ.”

ಹದಿನೇಳು ವರ್ಷದ ಸಂಸಾರ ಅಷ್ಟಕ್ಕೇ ಮುಗಿಯಿತು. ಮಹಡಿಗೆ ಬಂದ ಮೇಲೆ ಬಾಯಿಬೀಗನೇ ರೇಗಿದನಂತೆ: “ಯಾಕೆ ಹೋಗಿದ್ದೆ ನೀನು? ನಮ್ಮ ಪಾಡಿಗೆ ನಾವಿದ್ವಿ. ಯಾರಾದ್ರೂ ನಮ್ಮನ್ನ ಏನಾದ್ರೂ ಕೇಳ್ತಿದ್ರಾ?”

“ಕೇಳ್ತಿರಲಿಲ್ಲ. ಅದಕ್ಕೇ ಹೋಗಿದ್ದೆ,” ಎಂದ ದರ್ಜಿ ಬಟ್ಟೆ ಮಡಿಸುತ್ತ. “ಹದಿನೇಳು ವರ್ಷದಲ್ಲಿ ಒಬ್ಬರೂ ‘ನೀವಿಬ್ರೂ ಹೇಗಿದೀರಿ’ ಅಂತ ಕೇಳಿಲ್ಲ. ಅಲ್ಲಿ ಯಾರೋ ಒಬ್ಬ ಹುಡುಗಿ ಕೇಳಿದಳು. ಚೆನ್ನಾಗಿದೀವಿ ಅಂದೆ.”

ಹೊಲಿಗೆ ಯಂತ್ರ ಒಬ್ಬನಿಂದ ಎತ್ತುವಂಥದ್ದಲ್ಲ. ಇಬ್ಬರೂ ಸೇರಿ ಇಳಿಸಿದರು. ಆ ಕಿರಿದಾದ ಮೆಟ್ಟಿಲಲ್ಲಿ ಅವರ ನಡುವೆ ನಡೆದ ಮಾತು ಒಂದೇ: “ಮೆಟ್ಟಿಲು ನೋಡ್ಕೋ.”

ಇದನ್ನು ಅವನು ಹೇಳಿದ್ದು ಮೂರು ತಿಂಗಳ ಮೇಲೆ, ಕೊನೆಯ ಸ್ಟಾಪಿನಲ್ಲಿ ಊಟಕ್ಕೆ ಕೂತಿದ್ದಾಗ. ಡಬ್ಬಿ ತೆರೆದವನು ಮುಚ್ಚಿಟ್ಟ. “ಕಾನೂನು ಇದೆ ಅಂತಾರೆ. ಇತ್ತು ಕಣೋ. ಓನರಮ್ಮ ಕೇಳಿದಾಗ ನನಗೆ ಅದು ನೆನಪಿಗೇ ಬರಲಿಲ್ಲ. ನಾಲಿಗೆ ತಾನಾಗೇ ‘ನಾನಲ್ಲ’ ಅಂದುಬಿಡ್ತು.”

ಅಂದು ಬಸ್ಸಿನಲ್ಲಿ ನಾನು ಹಾರಿಸಿದ ನಗೆಚಟಾಕಿ ನೆನಪಾಗಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಬಿಟ್ಟೆ. ದರ್ಜಿಯನ್ನು ಕಂಡು ಮಾತಾಡು, ಬೇಕಾದರೆ ನಾನೂ ಬರುತ್ತೇನೆ ಎಂದೆ. ಎರಡು ವಾರ ಇವತ್ತು, ನಾಳೆ ಎಂದು ತಳ್ಳಿ ಕೊನೆಗೆ ಹೊರಟ.

ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ದರ್ಜಿ ಅಂಗಡಿಯಿಟ್ಟಿದ್ದ. ಗಿರಾಕಿಯೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಅವನು ಯಂತ್ರ ನಿಲ್ಲಿಸಿ ಎದ್ದ.

“ಬನ್ನಿ. ಏನಾಗಬೇಕಿತ್ತು ನಿಮಗೆ?”

ಆ ‘ನಿಮಗೆ’ ಎಂಬ ಒಂದು ಮಾತಿಗೆ ನಮ್ಮ ಡ್ರೈವರು ಹೊಸಿಲಲ್ಲೇ ನಿಂತುಬಿಟ್ಟ. ದಾರಿಯುದ್ದಕ್ಕೂ ಏನೇನೋ ಮಾತು ಕಟ್ಟಿಕೊಂಡು ಬಂದಿದ್ದ.

“ಪ್ಯಾಂಟು,” ಎಂದ. “ಒಂದು ಪ್ಯಾಂಟು ಹೊಲಿಸಬೇಕಿತ್ತು.”

ದರ್ಜಿ ಟೇಪು ತೆಗೆದುಕೊಂಡ.

“ಅಳತೆ ನಿನಗೆ ಗೊತ್ತಲ್ಲ,” ಎಂದು ಇವನು ಗಿರಾಕಿಗೆ ಕೇಳಿಸದಷ್ಟು ಮೆಲ್ಲಗೆ ಅಂದ. ನನಗೆ ಕೇಳಿಸಿತು.

ದರ್ಜಿ ಟೇಪನ್ನು ಸೊಂಟಕ್ಕೆ ಸುತ್ತಿ ನೋಡಿದ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. “ಸಣ್ಣಗಾಗಿದೀರಿ,” ಎಂದು ಪುಸ್ತಕದಲ್ಲಿ ಬರೆದುಕೊಂಡ. “ಗುರುವಾರ ಬನ್ನಿ.”

ಗುರುವಾರ ಬಾಯಿಬೀಗ ಹೋಗಲಿಲ್ಲ. ರಜೆಯಿದ್ದರೂ ಬಾಗಿಲು ಹಾಕಿಕೊಂಡು ಆ ಮಹಡಿ ಮನೆಯಲ್ಲೇ ಕೂತಿದ್ದ. “ನನ್ನ ಕೈಲಾಗಲ್ಲ, ನೀನೇ ಇಸ್ಕೊಂಡು ಬಾ” ಎಂದು ನನಗೆ ಫೋನು ಮಾಡಿದ. ಹೋದೆ. ದರ್ಜಿ ಪ್ಯಾಂಟನ್ನು ಕಾಗದದಲ್ಲಿ ಸುತ್ತುತ್ತ, ನನ್ನ ಬೆನ್ನ ಹಿಂದೆ ಗಲ್ಲಿಯ ಕಡೆ ನೋಡಿದ.

“ಅವರು ಬರಲಿಲ್ವಾ?”

“ಡ್ಯೂಟಿ ಇದೆ,” ಎಂದೆ.